ಸಾಫ್ಟ್ ಪ್ಲೇ ಸ್ವಚ್ಛತೆ: ಬ್ಲೀಚ್ ಲೆಕ್ಕ, ಮಳೆಗಾಲ ಮತ್ತು ಉಳಿದದ್ದು

ಮಾಲ್, ಹೋಟೆಲ್‌ಗಳಲ್ಲಿ ಮಕ್ಕಳ ಸಾಫ್ಟ್ ಪ್ಲೇ ಜಾಗ ನೋಡಿಕೊಳ್ಳುವ ಕೆಲಸ ಕಲಿಯುತ್ತಿರುವ ಕಾಸರಗೋಡು ಕಡೆಯ ಗೆಳೆಯರಿಗಾಗಿ ಈ ಟಿಪ್ಪಣಿ. ಗುಡಿಸುವುದು, ವ್ಯಾಕ್ಯೂಮ್ ಹಾಕುವುದು ನಿಮಗೆ ಗೊತ್ತೇ ಇದೆ, ಅದನ್ನು ಬಿಟ್ಟಿದ್ದೇನೆ. ಜಾಸ್ತಿ ಜಾಗ ಬ್ಲೀಚ್ ಲೆಕ್ಕಕ್ಕೇ ಹೋಗಿದೆ. ತೊಡಕು ಇರುವುದೇ ಅಲ್ಲಿ.

ಸಾಮಾನು ಯಾವುದರದ್ದು?

ಮೆತ್ತನೆ ಮೆಟ್ಟಿಲು, ಬ್ಲಾಕು, ಇಳಿಜಾರು ಎಲ್ಲದರ ಒಳಗೆ ಫೋಮ್ ಇರುತ್ತದೆ. ಹೊರಗೆ ಪಿವಿಸಿ ಹೊದಿಕೆ, ನಾವು ರೆಕ್ಸಿನ್ ಅನ್ನುತ್ತೇವಲ್ಲ ಅದೇ ಜಾತಿಯದ್ದು. ನೆಲದ ಮ್ಯಾಟ್ ಇವಿಎ ಅನ್ನುವ ಮೆತ್ತನೆ ಫೋಮ್‌ನದ್ದು. ಚೆಂಡುಗಳು ಪಾಲಿಎಥಿಲೀನ್ ಪ್ಲಾಸ್ಟಿಕ್‌ನವು. ರೆಕ್ಸಿನ್ ನೀರು ಕುಡಿಯುವುದಿಲ್ಲ, ಆದರೆ ಹೊಲಿಗೆಯ ತೂತು ಮತ್ತು ಜಿಪ್ ಕುಡಿಯುತ್ತವೆ. ಹಾಗಾಗಿ ಪೈಪ್ ಹಿಡಿದು ನೀರು ಬಿಡಬಾರದು. ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಬೇಕು. ಸ್ಪಿರಿಟ್, ತಿನ್ನರ್ ಬೇಡ. ಪಿವಿಸಿಯನ್ನು ಮೆತ್ತಗಿಡುವ ಅಂಶವನ್ನು ಅವು ಎಳೆದುಬಿಡುತ್ತವೆ. ಆಮೇಲೆ ರೆಕ್ಸಿನ್ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ತೊಳೆಯುವುದು ಬೇರೆ, ರೋಗಾಣು ಕೊಲ್ಲುವುದು ಬೇರೆ

ಮೊದಲು ಸೋಪು ನೀರು, ಆಮೇಲೆ ಒಳ್ಳೆ ನೀರು, ಕೊನೆಗೆ ಔಷಧಿ. ಈ ಕ್ರಮ ತಪ್ಪಬಾರದು. ಜೊಲ್ಲು, ಬೆವರು, ಬಿಸ್ಕತ್ತಿನ ಪುಡಿ ಮೇಲೆಯೇ ಬ್ಲೀಚ್ ಒರೆಸಿದರೆ ಅದರ ಕ್ಲೋರಿನ್ ಆ ಕೊಳೆಯ ಮೇಲೆಯೇ ಖರ್ಚಾಗುತ್ತದೆ, ರೋಗಾಣುವಿಗೆ ಉಳಿಯುವುದಿಲ್ಲ. ದಿನವೂ ಸೋಪಿನಿಂದ ಒರೆಸಿ, ಮಕ್ಕಳು ಬಾಯಿಗೆ ಹಾಕುವ ಸಾಮಾನು ಮತ್ತು ಜಾಸ್ತಿ ಕೈ ತಾಗುವ ಕಡೆ ಔಷಧಿ ಹಾಕುವುದು ವಾಡಿಕೆ. ತಯಾರಕರು ಇಂಥದ್ದೇ ಔಷಧಿ ಬಳಸಿ ಎಂದು ಹೇಳಿದ್ದರೆ ಅದೇ ಮೊದಲು.

ಔಷಧಿ ಹಾಕಿದ ಜಾಗ ಲೇಬಲ್‌ನಲ್ಲಿ ಹೇಳಿದಷ್ಟು ಹೊತ್ತು ಚಂಡಿಯಾಗಿಯೇ ಇರಬೇಕು. ಫ್ಯಾನು ನೇರವಾಗಿ ಬೀಸುತ್ತಿದ್ದರೆ ಅಷ್ಟರೊಳಗೆ ಒಣಗಿಬಿಡುತ್ತದೆ. ಕಿಟಕಿ ತೆರೆದಿಡಿ, ಫ್ಯಾನಿನ ಮುಖ ಬೇರೆ ಕಡೆ ತಿರುಗಿಸಿ. ನಡುವೆ ಒಣಗಿದರೆ ಮತ್ತೊಮ್ಮೆ ಒರೆಸಿ. ಹೊತ್ತು ಮುಗಿದ ಮೇಲೆ ಒಳ್ಳೆ ನೀರಿನ ಬಟ್ಟೆ. ಮಕ್ಕಳು ಆ ರೆಕ್ಸಿನನ್ನು ನೆಕ್ಕುತ್ತಾರೆ, ಅದನ್ನು ಮರೆಯಬೇಡಿ.

ಪಿಪಿಎಂ ಅನ್ನುವ ಗಂಟು

ಪುಸ್ತಕದಲ್ಲಿ “1000 ಪಿಪಿಎಂ” ಅಂತ ಇರುತ್ತದೆ. ಬ್ಲೀಚ್ ಕ್ಯಾನಿನ ಮೇಲೆ “ಸೋಡಿಯಂ ಹೈಪೋಕ್ಲೋರೈಟ್ 5%” ಅಂತ ಇರುತ್ತದೆ, ಅದು ಬ್ಲೀಚಿನದೇ ರಾಸಾಯನಿಕ ಹೆಸರು. ಎರಡಕ್ಕೂ ಸಂಬಂಧ ಏನು? ಇಲ್ಲೇ ತಲೆ ಕೆಡುತ್ತದೆ, ನಿಧಾನವಾಗಿ ನೋಡೋಣ.

ಪಿಪಿಎಂ ಅಂದರೆ 10 ಲಕ್ಷದಲ್ಲಿ ಎಷ್ಟು ಪಾಲು ಅಂತ. ಶೇಕಡ ಅಂದರೆ 100ರಲ್ಲಿ ಎಷ್ಟು ಪಾಲು. 10 ಲಕ್ಷವನ್ನು 100ರಿಂದ ಭಾಗಿಸಿದರೆ 10,000. ಅಲ್ಲಿಗೆ 1% ಅಂದರೆ 10,000 ಪಿಪಿಎಂ. 0.1% ಅಂದರೆ 1000 ಪಿಪಿಎಂ. 0.5% ಅಂದರೆ 5000 ಪಿಪಿಎಂ. ಕ್ಯಾನಿನಲ್ಲಿರುವ 5% ಅಂದರೆ 50,000 ಪಿಪಿಎಂ. ಈ ನಾಲ್ಕು ಸಾಲು ಬಾಯಿಪಾಠ ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಈಗ ತೆಳು ಮಾಡುವುದು. 50,000ವನ್ನು 1000ಕ್ಕೆ ಇಳಿಸಬೇಕು, ಅಂದರೆ 50 ಪಟ್ಟು. ಹಾಗಾದರೆ 1 ಪಾಲು ಬ್ಲೀಚಿಗೆ 50 ಪಾಲು ನೀರಾ? ಅಲ್ಲ, 49. ಪುನರ್ಪುಳಿ ಸಿರಪ್ ನೆನಪು ಮಾಡಿಕೊಳ್ಳಿ. 1 ಲೋಟ ಸಿರಪ್‌ಗೆ 4 ಲೋಟ ನೀರು ಹಾಕಿದರೆ ಸಿಗುವ ಶರಬತ್ತು 5 ಲೋಟ. ಸಿರಪ್ 5 ಪಟ್ಟು ತೆಳುವಾಯಿತು, ನೀರು ಹಾಕಿದ್ದು ಮಾತ್ರ 4 ಪಾಲು. ಬ್ಲೀಚ್ ತಾನೂ ಒಂದು ಪಾಲು, ಅದನ್ನು ಕಳೆಯಲೇಬೇಕು. 50ಕ್ಕೂ 49ಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ ಅಲ್ವಾ? ಆದರೆ 5000 ಪಿಪಿಎಂ ಮಾಡುವಾಗ 10 ಪಾಲಿನ ಬದಲು 9 ಪಾಲು ನೀರು. ಅಲ್ಲಿ ವ್ಯತ್ಯಾಸ ದೊಡ್ಡದೇ.

ಪಾಲು ಕಳೆಯುವ ಗೊಂದಲವೇ ಬೇಡ ಅನ್ನುವವರಿಗೆ ನನ್ನ ಇಷ್ಟದ ಅಡ್ಡದಾರಿ ಇದು:

ಬೇಕಾದ ಪಿಪಿಎಂ ÷ ಕ್ಯಾನಿನ ಶೇಕಡ ÷ 10 = 1 ಲೀಟರ್ ದ್ರಾವಣಕ್ಕೆ ಎಷ್ಟು ಮಿಲಿ ಬ್ಲೀಚ್.

1000 ÷ 5 ÷ 10 = 20 ಮಿಲಿ. 20 ಮಿಲಿ ಬ್ಲೀಚ್ ಅಳೆದು, ಒಟ್ಟು 1 ಲೀಟರ್ ಆಗುವವರೆಗೆ ನೀರು. 10 ಲೀಟರ್ ಬಕೆಟ್ಟಿಗೆ 200 ಮಿಲಿ. 5000 ಪಿಪಿಎಂ ಬೇಕಿದ್ದರೆ ಲೀಟರಿಗೆ 100 ಮಿಲಿ. ಕ್ಯಾನು 4% ಇದ್ದರೆ 1000 ಪಿಪಿಎಂಗೆ 25 ಮಿಲಿ, 10% ಇದ್ದರೆ 10 ಮಿಲಿ. ಅದಕ್ಕೇ “ಒಂದು ಮುಚ್ಚಳ ಹಾಕಿ” ಅನ್ನುವ ಮಾತನ್ನು ನಂಬಬೇಡಿ. ಯಾವ ಕ್ಯಾನಿನ ಮುಚ್ಚಳ, ಎಷ್ಟು ಶೇಕಡ ಎಂದು ಗೊತ್ತಿಲ್ಲದೆ ಅದಕ್ಕೆ ಅರ್ಥವಿಲ್ಲ.

ಇನ್ನು ನಮ್ಮ ಊರಿನ ನೀರು. ಮುರಕಲ್ಲಿನ ನೆಲದಲ್ಲಿ ಕೆಲವು ಬಾವಿಗಳ ನೀರಲ್ಲಿ ಕಬ್ಬಿಣದ ಅಂಶ ಇರುತ್ತದೆ. ಬಕೆಟ್ಟಿನ ಒಳಗೆ ಕೆಂಪು ಗೆರೆ ಕೂತಿದ್ದರೆ ಅದೇ ಗುರುತು. ಅಂಥ ನೀರಿಗೆ ಬ್ಲೀಚ್ ಬಿದ್ದರೆ ಕಬ್ಬಿಣ ತುಕ್ಕಿನ ಬಣ್ಣದ ಪುಡಿಯಾಗಿ ಇಳಿಯುತ್ತದೆ, ಸ್ವಲ್ಪ ಕ್ಲೋರಿನ್ನೂ ಅದರಲ್ಲೇ ಮುಗಿಯುತ್ತದೆ, ತಿಳಿ ಬಣ್ಣದ ರೆಕ್ಸಿನ್ ಮೇಲೆ ಕಲೆ ಕೂರುತ್ತದೆ. ಫಿಲ್ಟರ್ ಮಾಡಿದ ನೀರು ಬಳಸಿ. ಬಿಸಿ ನೀರು ಬೇಡ.

ದ್ರಾವಣವನ್ನು ಆಯಾ ದಿನವೇ ಮಾಡಿ, ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ. ಕ್ಯಾನನ್ನು ಬಿಸಿಲು ಬೀಳುವ ಕಿಟಕಿ ಹತ್ತಿರ ಇಟ್ಟರೆ ಅದರ ಶಕ್ತಿಯೂ ಕುಗ್ಗುತ್ತದೆ. ಬಾಟಲಿಯ ಮೇಲೆ ಪಿಪಿಎಂ, ತಾರೀಕು, ಹೊತ್ತು ಬರೆಯಿರಿ, ಕನ್ನಡ ಮತ್ತು ಮಲಯಾಳ ಎರಡರಲ್ಲೂ. ಬೆಳಗ್ಗಿನ ಪಾಳಿಗೆ ಉಪ್ಪಳದವರು, ರಾತ್ರಿಗೆ ಹೊಸದುರ್ಗದವರು ಬಂದರೆ ಇಬ್ಬರಿಗೂ ಓದಲು ಬರಬೇಕು. ಟಾಯ್ಲೆಟ್ ತೊಳೆಯುವ ಆಸಿಡ್ಡಿನ ಜೊತೆ ಬ್ಲೀಚ್ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಜೊತೆಗೂ ವಿಷದ ಗ್ಯಾಸೇ. ಯಾವುದನ್ನೂ ಬೆರೆಸಬೇಡಿ. ಸ್ಪ್ರೇ ಹೊಡೆದರೆ ಹನಿ ಉಸಿರಿನೊಳಗೆ ಹೋಗುತ್ತದೆ, ಬಟ್ಟೆಯಲ್ಲಿ ಒರೆಸುವುದೇ ಒಳ್ಳೆಯದು.

ಮಗು ವಾಂತಿ ಮಾಡಿದರೆ

ಮೊದಲು ಆ ಭಾಗದಿಂದ ಮಕ್ಕಳನ್ನೆಲ್ಲ ಹೊರಗೆ ಕಳಿಸಿ. ಕೈಗವಸು, ಮಾಸ್ಕ್ ಹಾಕಿ. ಪೇಪರ್ ಟವೆಲ್ ಮುಚ್ಚಿ, ಅಂಚಿನಿಂದ ನಡುವಿಗೆ ತನ್ನಿ. ಹೊರಕ್ಕೆ ಒರೆಸಿದರೆ ಹರಡುತ್ತದೆ. ಚೀಲಕ್ಕೆ ಹಾಕಿ ಕಟ್ಟಿ. ಸೋಪು ನೀರಿನಿಂದ ತೊಳೆದು, 1000ದಿಂದ 5000 ಪಿಪಿಎಂ ಬ್ಲೀಚ್ ಕನಿಷ್ಠ 5 ನಿಮಿಷ, ಆಮೇಲೆ ಒಳ್ಳೆ ನೀರು. ವಾಂತಿಭೇದಿ ಹರಡುವ ನೊರೊವೈರಸ್‌ಗೆ ಕೈಗೆ ಹಚ್ಚುವ ಆಲ್ಕೋಹಾಲ್ ಸ್ಯಾನಿಟೈಸರ್ ಸರಿಯಾಗಿ ನಾಟುವುದಿಲ್ಲ. ಕೆಲಸ ಮುಗಿದ ಮೇಲೆ ಸೋಪು ಹಾಕಿಯೇ ಕೈ ತೊಳೆಯಿರಿ. ಚೆಂಡಿನ ಗುಂಡಿಯಲ್ಲಿ ಆದರೆ ಅಷ್ಟೂ ಚೆಂಡು ತೆಗೆದು ತೊಳೆಯಬೇಕು. ಮೇಲಿನ ನಾಲ್ಕು ಚೆಂಡು ಒರೆಸಿ ಬಿಡುವುದು ಸರಿಯಲ್ಲ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒಗೆದ ಅಂಗಿಯೇ ಒಣಗುವುದಿಲ್ಲ, ಫೋಮ್ ಒಣಗುತ್ತದಾ? ಮೆಟ್ಟಿಲಿನ ಕೆಳಗಿನ ಮೂಲೆ ನೋಡಿ. ಹೊಲಿಗೆಯ ಉದ್ದಕ್ಕೆ ಸಣ್ಣ ಕಂದು ಗೆರೆ ಕಂಡರೆ ಹೆಬ್ಬೆರಳಿನಿಂದ ಒತ್ತಿ. ಸೂಜಿ ತೂತುಗಳಿಂದ ನೀರಿನ ಹನಿ ಸಾಲಾಗಿ ಹೊರಗೆ ಬಂದರೆ ಒಳಗಿನ ಫೋಮ್ ನೆನೆದಿದೆ ಅಂತ ಲೆಕ್ಕ. ಮುಗ್ಗು ವಾಸನೆಯೂ ಅಲ್ಲಿಂದಲೇ. ಮೇಲೆ ಎಷ್ಟು ಒರೆಸಿದರೂ ಹೋಗುವುದಿಲ್ಲ. ಜಿಪ್ ತೆಗೆದು, ಫೋಮ್ ಹೊರಗೆಳೆದು ಗಾಳಿಗೆ ಒಣಗಿಸಬೇಕು. ಬೂಸ್ಟು ಒಳಗೆ ಇಳಿದಿದ್ದರೆ ಫೋಮ್ ಬದಲಿಸುವುದೇ ದಾರಿ. ಈ ತಿಂಗಳುಗಳಲ್ಲಿ ಎಲ್ಲವನ್ನೂ ಒಂದೇ ಸಂಜೆ ತೊಳೆಯಬೇಡಿ. ಸ್ವಲ್ಪ ಸ್ವಲ್ಪ ತೊಳೆದು, ಎಸಿಯ ಡ್ರೈ ಮೋಡ್ ಹಾಕಿ. ಮ್ಯಾಟ್ ಎತ್ತಿ ಅಡಿಯೂ ಒರೆಸಿ, ನಿಲ್ಲಿಸಿ ಒಣಗಿಸಿ.

ಚೆಂಡುಗಳಿಗೂ ಇದೇ ಮಾತು. ಬಲೆ ಚೀಲದಲ್ಲಿ ತುಂಬಿ, ಸೋಪು ನೀರಲ್ಲಿ ಅಲುಗಿಸಿ, ತೊಳೆದು, ಪೂರ್ತಿ ಒಣಗಿದ ಮೇಲೆಯೇ ಗುಂಡಿಗೆ. ಖಾಲಿ ಗುಂಡಿಯ ತಳದಲ್ಲಿ ಹೇರ್‌ಪಿನ್, ಕಿವಿಯೋಲೆ, ನಾಣ್ಯ ಸಿಗುತ್ತವೆ. ಒಡೆದ ಚೆಂಡಿನ ಅಂಚು ಹರಿತ, ಎಸೆದುಬಿಡಿ.

ಮುರಿದದ್ದು, ಹರಿದದ್ದು

ಆಟದ ಸಲಕರಣೆಗಳಿಗಿರುವ ಯುರೋಪಿನ ಇಎನ್ 1176 ಮಾನದಂಡದಲ್ಲಿ ತಪಾಸಣೆ ಮೂರು ಬಗೆ: ನಿತ್ಯ ಕಣ್ಣಾಡಿಸಿ ನೋಡುವುದು, 1ರಿಂದ 3 ತಿಂಗಳಿಗೊಮ್ಮೆ ವಿವರವಾದದ್ದು, ವರ್ಷಕ್ಕೊಮ್ಮೆ ಪೂರ್ತಿ. ಬೆಳಗ್ಗೆ ಬಾಗಿಲು ತೆರೆಯುವ ಮೊದಲು ಕೈಯಾಡಿಸಿ ನೋಡಿ. ಬಲೆಯ ಗಂಟು ಸಡಿಲವಾಗಿದೆಯಾ, ಕೇಬಲ್ ಟೈಯ ಕತ್ತರಿಸಿದ ತುದಿ ಒಳಗೆ ಚಾಚಿದೆಯಾ, ಕಬ್ಬಿಣದ ಕಂಬದ ಫೋಮ್ ಹೊದಿಕೆ ಜಾರಿದೆಯಾ? ರೆಕ್ಸಿನ್ ಸಣ್ಣದಾಗಿ ಹರಿದಾಗಲೇ ಪಿವಿಸಿ ತೇಪೆ ಹಾಕಿ. ಬಿಟ್ಟರೆ ಮಕ್ಕಳು ಒಳಗಿನ ಫೋಮ್ ಕಿತ್ತು ಬಾಯಿಗೆ ಹಾಕುತ್ತಾರೆ. ಸೆಲ್ಲೋಟೇಪ್ ಅಂಟಿಸಿದರೆ ಅದರ ಅಂಚಿಗೆ ಕೊಳೆ ಕೂರುತ್ತದೆ, ಮರುದಿನವೇ ಏಳುತ್ತದೆ. ತೇಪೆಯ ಅಂಟು ಒಣಗಿ ವಾಸನೆ ಹೋಗುವವರೆಗೆ ಆ ಬ್ಲಾಕನ್ನು ಹೊರಗಿಡಿ. ಯಾವ ಬ್ಲಾಕು, ಯಾವ ತಾರೀಕು, ಯಾರು ಸರಿ ಮಾಡಿದ್ದು ಎಂದು ಪುಸ್ತಕದಲ್ಲಿ ಬರೆದಿಡಿ.