ಬಾಯಿ ಮುಚ್ಚಿದ ಮೇಲೆ ಬಂದ ಮಾತು

ಕಳೆದ ಮಳೆಗಾಲದಲ್ಲಿ ದೊಡ್ಡಪ್ಪನ ಮನೆ ಜಗಲಿಯಲ್ಲಿ ತಾಳಮದ್ದಳೆ ಇತ್ತು. ಎರಡು ಗಂಟೆ ಪೂರ್ತಿ ಫೋನಿನಲ್ಲಿ ಹಿಡಿದೆ. ಎಡಿಟ್ ಮಾಡಿ ಎಕ್ಸ್‌ಪೋರ್ಟ್ ಹಾಕಿ, ಅಂದರೆ ಹೊಸ ವಿಡಿಯೋ ಫೈಲಾಗಿ ಹೊರತೆಗೆದು ನೋಡಿದರೆ, ಭಾಗವತರ ಮೊದಲ ಪದ್ಯ ಸರಿಯಾಗಿಯೇ ಇದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕೃಷ್ಣ ಬಾಯಿ ಮುಚ್ಚಿದ ಮೇಲೆ ಅವನ ಮಾತು ಬರುತ್ತಿದೆ! ಚೆಂಡೆಗೆ ಕೋಲು ಬಿದ್ದು, ಮೇಲೆದ್ದು, ಎಷ್ಟೋ ಹೊತ್ತಿಗೆ ಸದ್ದು.

ಸಲಹೆಗಳು ಸುರಿದವು. ರ್‍ಯಾಮ್ ಹಾಕಿಸು. ಸಾಫ್ಟ್‌ವೇರ್ ಕಿತ್ತು ಮತ್ತೆ ಹಾಕು. ರಾಹುಕಾಲದಲ್ಲಿ ಎಕ್ಸ್‌ಪೋರ್ಟ್ ಹಾಕಬೇಡ ಎಂದವನೂ ಒಬ್ಬನಿದ್ದಾನೆ, ಎಂಜಿನಿಯರು. ನನಗೆ ಮೂರೂ ಒಂದೇ. ಕಂಪ್ಯೂಟರ್ ನಿಧಾನವಾಗಿದ್ದರೆ ಎಕ್ಸ್‌ಪೋರ್ಟ್‌ಗೆ ಹೊತ್ತು ಜಾಸ್ತಿ ಹಿಡಿಯುತ್ತದೆ, ಅಷ್ಟೆ. ಒಲೆ ಸಣ್ಣದಾದರೆ ಸಾರು ಕುದಿಯುವುದು ತಡವಾಗುತ್ತದೆ, ಉಪ್ಪು ಕಮ್ಮಿಯಾಗುತ್ತದಾ?

ಕೇಳಬೇಕಾದ ಪ್ರಶ್ನೆ ಬೇರೆ: ಅಂತರ ಮೊದಲಿನಿಂದಲೂ ಅಷ್ಟೇ ಇದೆಯೋ, ಬೆಳೆಯುತ್ತಾ ಹೋಗುತ್ತಿದೆಯೋ? ಅಷ್ಟೇ ಇದ್ದರೆ ಧ್ವನಿಯನ್ನು ಒಂಚೂರು ಎಳೆದು ಕೂರಿಸಿದರೆ ಮುಗಿಯಿತು. ಬೆಳೆಯುತ್ತಿದ್ದರೆ ಲೆಕ್ಕವೇ ತಪ್ಪಿದೆ.

ಫೋನು ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ಎಂದು ಹೇಳಿಕೊಂಡರೂ ಅದನ್ನು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ. ಬೆಳಕು ಕಮ್ಮಿಯಾದರೆ ಒಂದೊಂದು ಫ್ರೇಮಿಗೂ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕಾಗುತ್ತದೆ, ಆಗ ವೇಗ ಇಳಿಯುತ್ತದೆ. ಬಿಸಿಯಾದರೂ ಅಷ್ಟೇ. ಆದರೆ ಪ್ರತಿ ಫ್ರೇಮಿನ ಜೊತೆಗೂ ಅದು ಎಷ್ಟು ಹೊತ್ತಿಗೆ ಕಾಣಬೇಕು ಎಂದು ಬರೆದಿಡುತ್ತದೆ. ಹೂ ಕಟ್ಟುವವರನ್ನು ನೋಡಿ. ಹೂ ಸಾಲದಿದ್ದರೆ ಅಲ್ಲಲ್ಲಿ ಸಡಿಲ ಬಿಟ್ಟು ಹೇಗೋ ಒಂದು ಮೊಳ ಮುಟ್ಟಿಸುತ್ತಾರೆ. ಅದನ್ನು ಬಿಚ್ಚಿ, ಅವೇ ಹೂಗಳನ್ನು ಒತ್ತೊತ್ತಾಗಿ ಒಂದೇ ಅಂತರದಲ್ಲಿ ಕಟ್ಟಿದರೆ? ಮಾಲೆ ಗಿಡ್ಡವಾಗುತ್ತದೆ. ಆ ಬರಹ ಓದದ ಎಡಿಟಿಂಗ್ ಸಾಫ್ಟ್‌ವೇರ್ ಮಾಡುವುದು ಇದನ್ನೇ. ಸರಾಸರಿ 29.9 ಫ್ರೇಮ್ ಬಂದಿದೆ ಎನ್ನಿ. ಅರ್ಧ ಗಂಟೆಗೆ 53,820. ಅವನ್ನು 30ರ ಲೆಕ್ಕದಲ್ಲಿ ಓಡಿಸಿದರೆ ಚಿತ್ರ ಆರು ಸೆಕೆಂಡ್ ಮೊದಲೇ ಮುಗಿಯುತ್ತದೆ. ಧ್ವನಿ ಮಾತ್ರ ತನ್ನ ಪಾಡಿಗೆ ಪೂರಾ ಅರ್ಧ ಗಂಟೆ.

ಸೆಟ್ಟಿಂಗ್ಸ್‌ನಲ್ಲಿ 29.97 ಎಂಬ ವಿಚಿತ್ರ ಸಂಖ್ಯೆ ಕಂಡಿದ್ದೀರಲ್ವಾ? ಅದರ ಕಥೆ ಹೇಳದೆ ಇರಲಾರೆ. 1953ರಲ್ಲಿ ಅಮೆರಿಕದ ಟಿವಿಗೆ ಬಣ್ಣ ಸೇರಿಸುವಾಗ, ಬಣ್ಣದ ಸಂಕೇತವೂ 4.5 ಮೆಗಾಹರ್ಟ್ಸ್ ದೂರದಲ್ಲಿದ್ದ ಧ್ವನಿಯ ಸಂಕೇತವೂ ತಿಕ್ಕಾಡಿ ಪರದೆಯಲ್ಲಿ ಚುಕ್ಕಿ ಚುಕ್ಕಿ ಕಾಣುವ ಭಯವಿತ್ತು. ಧ್ವನಿಯ ಜಾಗ ಸರಿಸಿದರೆ ಜನರ ಮನೆಯ ಹಳೇ ಸೆಟ್‌ಗಳಿಗೆ ತೊಂದರೆ. ಹಾಗಾಗಿ ಚಿತ್ರದ ವೇಗವನ್ನೇ ಸಾವಿರದಲ್ಲಿ ಒಂದು ಪಾಲು ಇಳಿಸಿದರು. 29.97ರದ್ದನ್ನು 30 ಎಂದು ತಿಳಿದರೆ ಗಂಟೆಗೆ 3.6 ಸೆಕೆಂಡ್ ತಪ್ಪುತ್ತದೆ. ನಮ್ಮ ದೇಶದ್ದು 50 ಹರ್ಟ್ಸ್ ಕರೆಂಟು, 25 ಫ್ರೇಮಿನ ಟಿವಿ. 1982ರಲ್ಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣ ಬಂದಾಗಲೂ ಈ ರಗಳೆ ನಮಗಿರಲಿಲ್ಲ. ಕೊನೆಗೆ ಫೋನಿನ ಜೊತೆ ಬಂತು.

ಮದ್ದು ಸುಲಭ. ಮೀಡಿಯಾಇನ್ಫೋ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಫೈಲ್ ತೆರೆದರೆ ಫ್ರೇಮ್ ರೇಟ್ ಮೋಡ್ ಎಂಬ ಸಾಲು ಸಿಗುತ್ತದೆ. ಅಲ್ಲಿ ವೇರಿಯಬಲ್ (ವೇಗ ಏರಿಳಿಯುತ್ತದೆ) ಎಂದಿದ್ದರೆ, ಹ್ಯಾಂಡ್‌ಬ್ರೇಕ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಕೊಟ್ಟು ಕಾನ್‌ಸ್ಟಂಟ್ (ಒಂದೇ ವೇಗ) ಮಾಡಿಕೊಳ್ಳಿ. ಅದು ಸಡಿಲ ಇದ್ದಲ್ಲಿ ಹಿಂದಿನ ಹೂವನ್ನೇ ಇನ್ನೊಮ್ಮೆ ಪೋಣಿಸುತ್ತದೆ, ಮಾಲೆಯ ಉದ್ದ ಉಳಿಯುತ್ತದೆ. ಎಡಿಟ್ ಶುರು ಮಾಡುವ ಮುಂಚೆಯೇ ಮಾಡಿ. ನಾನು ಆಮೇಲೆ ಮಾಡಿದ್ದಕ್ಕೆ ಎರಡು ರಾತ್ರಿ ಹೋಯಿತು. ಈಗಿನ ಕೆಲವು ಸಾಫ್ಟ್‌ವೇರ್‌ಗಳು ಆ ಬರಹ ಓದಿಕೊಳ್ಳುತ್ತವೆ. ನಾನಂತೂ ನಂಬಿ ಕೂರುವುದಿಲ್ಲ.

ಕೃಷ್ಣನ ಬಾಯಿಗೂ ಮಾತಿಗೂ ಹೊಂದಿಕೆಯಾಯಿತು. ದೊಡ್ಡಪ್ಪನ ಪೆನ್ ಡ್ರೈವಿಗೇ ನೇರವಾಗಿ ಎಕ್ಸ್‌ಪೋರ್ಟ್ ಹಾಕಿದೆ. ಅರ್ಧ ದಾಟಿದ ಮೇಲೆ ನಿಂತಿತು. ಮತ್ತೆ ಹಾಕಿದೆ, ಅದೇ ಜಾಗ. ಎಂಜಿನಿಯರ್ ಗೆಳೆಯ ಗಡಿಯಾರ ನೋಡಿದ. ನಾನು ಫೈಲಿನ ಗಾತ್ರ ನೋಡಿದೆ: ಸರಿಯಾಗಿ 4 ಜಿಬಿ. ಫ್ಯಾಟ್32 ಮಾದರಿಯ ಪೆನ್ ಡ್ರೈವ್ ಒಂದೇ ಫೈಲಿನಲ್ಲಿ ಅದಕ್ಕಿಂತ ಜಾಸ್ತಿ ಹಿಡಿಸಿಕೊಳ್ಳುವುದಿಲ್ಲ. ಅದರಲ್ಲಿದ್ದ ಮದುವೆ ಫೋಟೋಗಳನ್ನು ತೆಗೆದಿಟ್ಟು, ಆ ಮಿತಿಯಿಲ್ಲದ ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿದೆ. ಮುಗಿದಾಗ ಸೋಮವಾರ ಬೆಳಿಗ್ಗೆ ಎಂಟೂವರೆ, ನಡು ರಾಹುಕಾಲ.