ನೋವಿನ ಮಾತ್ರೆ ಹುಣ್ಣು ಮಾಡುವುದು ರಕ್ತದ ದಾರಿಯಲ್ಲಿ

ಮಂಡಿ ನೋವಿಗೆ ಡಾಕ್ಟರು ಡೈಕ್ಲೋಫೆನಾಕ್ ಬರೆದುಕೊಟ್ಟರೆ ಮನೆಯಲ್ಲಿ ತಕ್ಷಣ ಕೇಳಿಬರುವ ಮಾತು: ‘ಅದು ಉಷ್ಣದ ಮಾತ್ರೆ, ಹೊಟ್ಟೆ ತುಂಬ ಊಟ ಮಾಡಿ ತಗೊಳ್ಳಿ, ಮೇಲೊಂದು ಲೋಟ ಮಜ್ಜಿಗೆ ಕುಡೀರಿ.’ ಸ್ವಲ್ಪ ಓದಿಕೊಂಡವರು ‘ಹೊಟ್ಟೆಗೆ ತಾಗಬಾರದು ಅಂದ್ರೆ ಇಂಜೆಕ್ಷನ್ ಹಾಕಿಸ್ಕೊಳ್ಳಿ’ ಎನ್ನುತ್ತಾರೆ. ಎರಡರ ಹಿಂದೆಯೂ ಇರುವುದು ಒಂದೇ ತಪ್ಪು ಕಲ್ಪನೆ. ಮಾತ್ರೆ ಜಠರದ ಗೋಡೆಗೆ ತಗುಲಿ ಸುಡುತ್ತದೆ ಎಂಬುದು. ತಗುಲಿದಾಗ ಒಂದಿಷ್ಟು ಉರಿಯಾಗುವುದು ನಿಜ, ಊಟದ ಜೊತೆ ನುಂಗಿದರೆ ಆ ಉರಿ ಕಡಿಮೆಯಾಗುವುದೂ ನಿಜ. ಆದರೆ ರಕ್ತ ಸೋರುವಂಥ ಹುಣ್ಣು ಮುಖ್ಯವಾಗಿ ಆಗುವುದು ಔಷಧ ರಕ್ತಕ್ಕೆ ಸೇರಿ, ಅಲ್ಲಿಂದ ಜಠರದ ಗೋಡೆಯನ್ನು ಹಿಂಬದಿಯಿಂದ ತಲುಪಿದ ಮೇಲೆ. ಸೊಂಟಕ್ಕೆ ಚುಚ್ಚಿದ ಇಂಜೆಕ್ಷನ್ನೂ, ಕರುಳಿನಲ್ಲಿ ಮಾತ್ರ ಕರಗುವಂತೆ ಲೇಪನ ಹಾಕಿದ ಮಾತ್ರೆಯೂ ಕೊನೆಗೆ ಸೇರುವುದು ಅದೇ ರಕ್ತಕ್ಕೆ.

ಇದರ ಗುಟ್ಟು ಬಿಡಿಸಿದ್ದು ಲಂಡನ್ನಿನ ಔಷಧ ವಿಜ್ಞಾನಿ ಜಾನ್ ವೇನ್. ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ 1897ರಲ್ಲಿ ಆಸ್ಪಿರಿನ್ ತಯಾರಿಸಿದ ಮೇಲೆ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತು ಕಾರಣ ಗೊತ್ತಿಲ್ಲದೆಯೇ ಅದನ್ನು ನುಂಗುತ್ತಿತ್ತು. ಆಸ್ಪಿರಿನ್ ಜಾತಿಯ ಔಷಧಗಳು (ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಇದೇ ಜಾತಿ) ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳ ತಯಾರಿಕೆಯನ್ನೇ ನಿಲ್ಲಿಸುತ್ತವೆ ಎಂದು ವೇನ್ 1971ರಲ್ಲಿ ತೋರಿಸಿದರು. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು. ಕೀಲಿನಲ್ಲಿ ಊತ, ನೋವು ತರುವುದು ಈ ಪ್ರೋಸ್ಟಗ್ಲಾಂಡಿನ್‌ಗಳೇ. ತೊಡಕೆಂದರೆ, ಜಠರದ ಒಳಮೈಗೆ ಲೋಳೆಯ ಹೊದಿಕೆ ಕೊಟ್ಟು ಆಮ್ಲದಿಂದ ಕಾಯುವುದೂ ಅವೇ, ಮೂತ್ರಪಿಂಡಕ್ಕೆ ರಕ್ತ ಸರಾಗವಾಗಿ ಹರಿಯುವಂತೆ ನೋಡಿಕೊಳ್ಳುವುದೂ ಅವೇ.

ಇವನ್ನು ತಯಾರಿಸುವ ಕಿಣ್ವ ಒಂದಲ್ಲ, ಎರಡು ಎಂದು ಆಮೇಲೆ ತಿಳಿಯಿತು. ಜಠರವನ್ನು ಕಾಯುವುದು ಕಾಕ್ಸ್-1, ಕೀಲು ಊದಿದಾಗ ಹೆಚ್ಚುವುದು ಕಾಕ್ಸ್-2. ಎರಡನೆಯದನ್ನಷ್ಟೇ ತಡೆದರೆ ಆಯಿತಲ್ಲ ಎಂದು ಹೊಸ ಔಷಧಗಳು ಬಂದವು. ಅವುಗಳಲ್ಲಿ 1999ರಲ್ಲಿ ಬಂದ ರೊಫೆಕಾಕ್ಸಿಬ್ ಹೃದಯಾಘಾತ ಹೆಚ್ಚಿಸುತ್ತದೆಂದು 2004ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ರಕ್ತನಾಳದಲ್ಲಿ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ ಕಾಕ್ಸ್-2ರಿಂದ ಬರುತ್ತದೆ, ಹೆಪ್ಪುಗಟ್ಟಿಸುವುದು ಕಾಕ್ಸ್-1ರಿಂದ. ಒಂದನ್ನು ಮಾತ್ರ ನಿಲ್ಲಿಸಿದರೆ ತಕ್ಕಡಿ ವಾಲುತ್ತದೆ. ಅದೇ ಗುಂಪಿನ ಎಟೊರಿಕಾಕ್ಸಿಬ್ ಇಂದೂ ಬಳಕೆಯಲ್ಲಿದೆ, ಬಿ.ಪಿ. 140/90ಕ್ಕಿಂತ ಮೇಲೆಯೇ ನಿಂತಿರುವವರಿಗೆ ಅದು ಸಲ್ಲದು. ಹಳೆಯ ಡೈಕ್ಲೋಫೆನಾಕ್ ಕೂಡ ಕಾಕ್ಸ್-2 ಕಡೆಗೇ ವಾಲುವಂಥದ್ದು. ಹಳೆಯದೆಂದು ಹೃದಯಕ್ಕೆ ನಿರಪಾಯಕಾರಿ ಅಂದುಕೊಳ್ಳಬಾರದು.

ಹಾಗಾದರೆ ಜಠರವನ್ನು ಕಾಯುವುದು ಹೇಗೆ? ಮಜ್ಜಿಗೆಯಿಂದಲ್ಲ, ಆಮ್ಲದ ಉತ್ಪತ್ತಿಯನ್ನೇ ತಗ್ಗಿಸುವ ಮಾತ್ರೆಯಿಂದ. 65 ದಾಟಿದವರಿಗೆ, ಹಿಂದೆ ಹುಣ್ಣಾಗಿದ್ದವರಿಗೆ, ಆಸ್ಪಿರಿನ್, ಸ್ಟೀರಾಯ್ಡ್ ಅಥವಾ ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರಿಗೆ ಡಾಕ್ಟರು ಸಾಮಾನ್ಯವಾಗಿ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ. ಅಥವಾ ಒಮೆಪ್ರಜೋಲ್ 20 ಮಿ.ಗ್ರಾಂ. ಸೇರಿಸಿರುತ್ತಾರೆ. ಅದನ್ನು ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ಆಮ್ಲದ ಪಂಪುಗಳು ಚುರುಕಾಗುವುದು ತಿಂದಾಗ, ಔಷಧ ಹಿಡಿದು ನಿಲ್ಲಿಸುವುದು ಚುರುಕಾಗಿರುವ ಪಂಪುಗಳನ್ನು ಮಾತ್ರ. ‘ಗ್ಯಾಸ್ ಆದಾಗ ನೋಡೋಣ’ ಎಂದು ಬಿಟ್ಟರೆ ಉಪಯೋಗವಿಲ್ಲ, ಏಕೆಂದರೆ ಎಷ್ಟೋ ಹುಣ್ಣುಗಳು ಉರಿಯ ಸುಳಿವೇ ಕೊಡದೆ ರಕ್ತ ಸುರಿಸುತ್ತವೆ.

ಹೃದಯಕ್ಕೆಂದು ದಿನಾ ಆಸ್ಪಿರಿನ್ 75 ನುಂಗುವವರು ಐಬುಪ್ರೊಫೆನ್ ವಿಷಯದಲ್ಲಿ ಎಚ್ಚರವಾಗಿರಬೇಕು. ಇವೆರಡೂ ಪ್ಲೇಟ್‌ಲೆಟ್‌ನ ಒಂದೇ ಜಾಗಕ್ಕೆ ಹೋಗಿ ಕೂರುತ್ತವೆ. ಐಬುಪ್ರೊಫೆನ್ ಮೊದಲು ಕೂತರೆ ಆಸ್ಪಿರಿನ್‌ಗೆ ಜಾಗವಿಲ್ಲ. ಲೇಪನವಿಲ್ಲದ ಆಸ್ಪಿರಿನ್ ಆದರೆ ಅದನ್ನು ನುಂಗಿ ಕನಿಷ್ಠ 30 ನಿಮಿಷದ ಮೇಲೆ, ಇಲ್ಲವೇ ಅದಕ್ಕೆ 8 ಗಂಟೆ ಮೊದಲು ಐಬುಪ್ರೊಫೆನ್ ತೆಗೆದುಕೊಳ್ಳಬಹುದು. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಲೇಪನವಿರುವ ಆಸ್ಪಿರಿನ್. ಅದು ನಿಧಾನಕ್ಕೆ ಕರಗುವುದರಿಂದ ಈ ಲೆಕ್ಕ ನಂಬುವಂತಿಲ್ಲ, ಡಾಕ್ಟರಿಗೆ ಹೇಳಿ ನೋವಿಗೆ ಬೇರೆ ದಾರಿ ಹುಡುಕುವುದೇ ಸರಿ.

ಇನ್ನು ಮೂತ್ರಪಿಂಡ. ಗದ್ದೆಯಲ್ಲಿ ನೀರು ನಿಲ್ಲಬೇಕಾದರೆ ಒಳಬರುವ ಮಡೆ ಅಗಲವಾಗಿ ತೆರೆದಿರಬೇಕು, ಹೊರಹೋಗುವ ಮಡೆ ಕಿರಿದಾಗಿರಬೇಕು. ಮೂತ್ರಪಿಂಡದ ಸೋಸುಗಂಟಿನಲ್ಲೂ ಹಾಗೆಯೇ, ರಕ್ತ ಒಳಬರುವ ಮತ್ತು ಹೊರಹೋಗುವ ಎರಡು ಸಣ್ಣ ನಾಳಗಳ ನಡುವೆ ಒತ್ತಡ ನಿಂತರೆ ಮಾತ್ರ ಸೋಸುವಿಕೆ ನಡೆಯುತ್ತದೆ. ರಕ್ತದ ಹರಿವು ಕಡಿಮೆಯಾದಾಗ ಒಳಮಡೆಯನ್ನು ತೆರೆದಿಡುವುದು ಪ್ರೋಸ್ಟಗ್ಲಾಂಡಿನ್, ಹೊರಮಡೆಯನ್ನು ಬಿಗಿಹಿಡಿಯುವುದು ಆಂಜಿಯೊಟೆನ್ಸಿನ್. ನೋವಿನ ಮಾತ್ರೆ ಒಳಮಡೆ ಮುಚ್ಚುತ್ತದೆ. ಬಿ.ಪಿ.ಗೆ ಕೊಡುವ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಹೊರಮಡೆ ಸಡಿಲಿಸುತ್ತವೆ. ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೊಥಯಾಜೈಡ್ ಅಥವಾ ಫ್ಯೂರೊಸೆಮೈಡ್ ಕಾಲುವೆಯ ನೀರನ್ನೇ ಇಳಿಸುತ್ತದೆ. ಮೂರೂ ಒಟ್ಟಿಗೆ ಸೇರಿದಾಗ, ಮೇಲೆ ಒಂದು ದಿನ ವಾಂತಿ ಭೇದಿಯೂ ಆದರೆ, ಗದ್ದೆ ಒಣಗಿತು. ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೊಥಯಾಜೈಡ್ ಒಂದೇ ಮಾತ್ರೆಯಲ್ಲಿ ಬರುತ್ತವೆ, ಸ್ಟ್ರಿಪ್ಪಿನ ಹಿಂಬದಿ ಓದಿದರೆ ಗೊತ್ತಾಗುತ್ತದೆ. ಇಂಥ ಬಿ.ಪಿ. ಮಾತ್ರೆ ನುಂಗುವವರು ನೋವಿನ ಮಾತ್ರೆ ಶುರುಮಾಡುವ ಮೊದಲೂ, ಒಂದೆರಡು ವಾರದ ಮೇಲೂ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ಹೇಳುವ ರಕ್ತ ಪರೀಕ್ಷೆ), ಪೊಟ್ಯಾಸಿಯಂ ಮತ್ತು ಬಿ.ಪಿ. ನೋಡಿಸಬೇಕು. ವಾಂತಿ ಭೇದಿಯ ದಿನ ನೋವಿನ ಮಾತ್ರೆ ನಿಲ್ಲಿಸಬೇಕು. ‘ಉಷ್ಣ ಇಳಿಯಲಿ’ ಎಂದು ದಿನಾ ಎಳನೀರು ಕುಡಿಯುವ ಹಿರಿಯರಿಗೆ ಒಂದು ಮಾತು: ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಅದನ್ನು ಹೊರಹಾಕಬೇಕಾದದ್ದು ಇದೇ ದಣಿದ ಮೂತ್ರಪಿಂಡ.

ಡೈಕ್ಲೋಫೆನಾಕ್ ಮೂತ್ರಪಿಂಡಕ್ಕೆ ಏನು ಮಾಡಬಲ್ಲದು ಎಂಬುದಕ್ಕೆ ಅತ್ಯಂತ ಕ್ರೂರ ಸಾಕ್ಷಿ ರಣಹದ್ದುಗಳು. ಈ ಔಷಧ ಕೊಟ್ಟಿದ್ದ ದನಗಳ ಕಳೇಬರ ತಿಂದು ಅವು ಮೂತ್ರಪಿಂಡ ಸೋತು ಸತ್ತವು. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದು ಧಾಮ ಮಾಡಬೇಕಾಗಿ ಬಂದದ್ದು ಈ ಕುಸಿತದ ಬೆನ್ನಿಗೇ. ಭಾರತದಲ್ಲಿ ಜಾನುವಾರುಗಳಿಗೆ ಅದನ್ನು ಕೊಡುವುದು 2006ರಲ್ಲಿ ನಿಷೇಧವಾಯಿತು, 2023ರಲ್ಲಿ ಅಸೆಕ್ಲೋಫೆನಾಕ್ ಕೂಡ, ಏಕೆಂದರೆ ದನದ ದೇಹದೊಳಗೆ ಅದು ಡೈಕ್ಲೋಫೆನಾಕ್ ಆಗಿಬಿಡುತ್ತದೆ. ಮನುಷ್ಯರ ಮೂತ್ರಪಿಂಡ ಹದ್ದಿನದಷ್ಟು ನಾಜೂಕಲ್ಲ, ಆದರೆ ಹೆಸರು ಬೇರೆಯಾದರೂ ಮನೆತನ ಒಂದೇ ಎಂಬುದು ಇಲ್ಲಿಯೂ ನಿಜ. ಕೀಲಿನ ಡಾಕ್ಟರು ಬರೆದ ಅಸೆಕ್ಲೋಫೆನಾಕ್ ಬೆಳಿಗ್ಗೆ ರಾತ್ರಿ 100 ಮಿ.ಗ್ರಾಂ. ನಡೆಯುತ್ತಿರುವಾಗಲೇ ಹಲ್ಲುನೋವಿಗೆಂದು ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್ ತಂದು ನುಂಗುವುದು ನಮ್ಮಲ್ಲಿ ದಿನನಿತ್ಯದ ತಪ್ಪು. ಎರಡು ಸೇರಿದರೆ ನೋವು ಇಮ್ಮಡಿ ಇಳಿಯುವುದಿಲ್ಲ, ಹುಣ್ಣಿನ ಅಪಾಯ ಮಾತ್ರ ಏರುತ್ತದೆ. ಬಿಟ್ಟುಹೋದ ಡೋಸಿಗೆ ಮುಂದಿನ ಸಲ ಎರಡು ನುಂಗುವುದೂ ಬೇಡ. ಎಸ್.ಆರ್. ಎಂದಿರುವ ಡೈಕ್ಲೋಫೆನಾಕ್ 100 ಮಿ.ಗ್ರಾಂ. ಮಾತ್ರೆಯನ್ನು ಮುರಿಯಬಾರದು, ನಿಧಾನಕ್ಕೆ ಬಿಡಬೇಕಾದ ಔಷಧ ಒಮ್ಮೆಲೇ ಸುರಿದುಬಿಡುತ್ತದೆ. ನುಂಗುವಾಗ ತುಂಬಿದ ಲೋಟ ನೀರು ಬೇಕು, ಅರ್ಧ ಗಂಟೆ ಮಲಗಬಾರದು.

ಸವೆತದ ಮಂಡಿ ನೋವಿಗೆ ಮೊದಲು ಕೇಳಬೇಕಾದದ್ದು ಮುಲಾಮು. ಶೇಕಡಾ 1ರ ಡೈಕ್ಲೋಫೆನಾಕ್ ಜೆಲ್‌ನಿಂದ ರಕ್ತಕ್ಕೆ ಸೇರುವುದು ಮಾತ್ರೆಯಿಂದ ಸೇರುವುದರ ಸುಮಾರು ನೂರಕ್ಕೆ ಆರು ಪಾಲು. ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಅನೇಕರು ಕಡಲೆಕಾಳಿನಷ್ಟು ಹಚ್ಚಿರುತ್ತಾರೆ. ಒಂದು ಮಂಡಿಗೆ ಒಂದು ಸಲಕ್ಕೆ ಬೇಕಾದದ್ದು 4 ಗ್ರಾಂ, ದಿನಕ್ಕೆ ನಾಲ್ಕು ಸಲ. ಈ ಲೆಕ್ಕದಲ್ಲಿ 30 ಗ್ರಾಂ ಟ್ಯೂಬು ಎರಡು ದಿನಕ್ಕೆ ಮುಗಿಯುತ್ತದೆ, ಜೇಬಿಗೆ ಭಾರವೇ. ಸೊಂಟದ ಕೀಲು ಆಳದಲ್ಲಿರುವುದರಿಂದ ಅಲ್ಲಿಗೆ ಇದು ಇಳಿಯುವುದಿಲ್ಲ.

ಮಲ ಟಾರಿನಂತೆ ಕಪ್ಪಾಗಿ ಅಂಟಂಟಾಗಿ ಬಂದರೆ (ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗಬಹುದು, ಆದರೆ ಊಹಿಸುತ್ತ ಕೂರಬೇಡಿ), ಕಾಲು ಊದಿಕೊಂಡರೆ, ಮೂತ್ರ ಕಡಿಮೆಯಾದರೆ, ಎದೆ ಹಿಡಿದಂತಾದರೆ ಮಾತ್ರೆ ನಿಲ್ಲಿಸಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಳೆಗಾಲದಲ್ಲಿ ಜ್ವರ, ಮೈಕೈ ನೋವು ಬಂದರೆ ಡೆಂಗಿ ಅಲ್ಲವೆಂದು ಪರೀಕ್ಷೆಯಲ್ಲಿ ಖಚಿತವಾಗುವವರೆಗೂ ಈ ಮಾತ್ರೆಗಳನ್ನು ಬದಿಗಿಡಬೇಕು, ಪ್ಲೇಟ್‌ಲೆಟ್ ಇಳಿಯುತ್ತಿರುವಾಗ ಉಳಿದವುಗಳ ಕೆಲಸವನ್ನೂ ಇವು ಕೆಡಿಸುತ್ತವೆ. ಅಲ್ಲಿಯವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಅದು ಬರಿಯ ಪ್ಯಾರಾಸಿಟಮಾಲ್ ಆಗಿರಲಿ. ಹೆಸರಿನ ಕೊನೆಗೆ ‘ಪಿ’ ಎಂದಿರುವ ಎಷ್ಟೋ ನೋವಿನ ಮಾತ್ರೆಗಳಲ್ಲಿ 325 ಮಿ.ಗ್ರಾಂ. ಪ್ಯಾರಾಸಿಟಮಾಲ್ ಜೊತೆಗೆ ಅಸೆಕ್ಲೋಫೆನಾಕ್ ಕೂಡ ಕೂತಿರುತ್ತದೆ.