ಮೂವರ ಎದುರು ಒಬ್ಬ ಗೆದ್ದದ್ದು ಹೇಗೆ?

ಪ್ರಶ್ನೆ: ಸೈಕಲ್ ರೇಸಿನ ಕೊನೆಯಲ್ಲಿ ನಾಲ್ವರೇ ಮುಂದಿದ್ದರು. ಮೂವರು ಒಂದೇ ತಂಡದವರು. ಆದರೂ ಗೆದ್ದವನು ನಾಲ್ಕನೆಯವನು. ಮೂವರು ಸೇರಿ ಒಬ್ಬನನ್ನು ಸೋಲಿಸಲು ಆಗುವುದಿಲ್ಲವೇ? ಹಾಗಿದ್ದರೆ ತಂಡ ಇದ್ದು ಏನು ಪ್ರಯೋಜನ?

ಉತ್ತರ: ಶಿವಮೊಗ್ಗದಲ್ಲಿ ಭಾನುವಾರ ಬೆಳಿಗ್ಗೆ ಸೈಕಲ್ ಹತ್ತುವ ಗೆಳೆಯರು, ತೀರ್ಥಹಳ್ಳಿಯ ಕಾಲೇಜು ಹುಡುಗರು, ಎಲ್ಲರೂ ಕೇಳುವ ಪ್ರಶ್ನೆ ಇದು. ಫೆಬ್ರುವರಿ ಕೊನೆಯಲ್ಲಿ ಬೆಲ್ಜಿಯಂನ ಏಕದಿನ ರೇಸುಗಳು ಶುರುವಾಗುತ್ತವೆ. ಅಲ್ಲಿ ಸಂಜೆಯಾಗುವ ಮೊದಲೇ ಮುಗಿಯುವ ಓಟ ನಮಗೆ ರಾತ್ರಿ ಊಟದ ಹೊತ್ತಿಗೆ ಸಿಗುತ್ತದೆ. ಕೊನೆಯ ಹತ್ತು ಕಿಲೋಮೀಟರ್ ಮಾತ್ರ ನೋಡಿದವರಿಗೆ ಮೂರು ದೊಡ್ಡದು, ಒಂದು ಚಿಕ್ಕದು ಎನ್ನಿಸುವುದು ಸಹಜ. ಆದರೆ ಆ ಮೂರನ್ನು ಒಟ್ಟಿಗೆ ಇಟ್ಟುಕೊಂಡು ಗೆಲ್ಲಲು ಆಗುವುದಿಲ್ಲ. ಒಬ್ಬೊಬ್ಬರನ್ನಾಗಿ ಖರ್ಚು ಮಾಡಬೇಕು. ಖರ್ಚಾಗಲು ಯಾರಾದರೂ ಮನಸ್ಸು ಮಾಡಬೇಕು.

ಮೊದಲು ಗಾಳಿಯ ವಿಷಯ. ಗಾಜನೂರು ದಾಟಿ ಮಂಡಗದ್ದೆಯ ಕಡೆ ಹೋಗುವಾಗ ಗೆಳೆಯನ ಹಿಂದಿನ ಚಕ್ರಕ್ಕೆ ಗೇಣು ದೂರದಲ್ಲಿ ನಿಮ್ಮ ಮುಂದಿನ ಚಕ್ರ ಇಟ್ಟು ನೋಡಿ. ಕಿವಿಯಲ್ಲಿ ಭೋರೆನ್ನುತ್ತಿದ್ದ ಗಾಳಿಯ ಸದ್ದು ತಟ್ಟನೆ ಇಳಿಯುತ್ತದೆ, ಪೆಡಲಿನ ಭಾರ ಕಡಿಮೆಯಾಗುತ್ತದೆ. ಅರ್ಧ ಮೀಟರ್ ಪಕ್ಕಕ್ಕೆ ಸರಿದರೆ ಸದ್ದು ಮತ್ತೆ ಬರುತ್ತದೆ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೀಗೆ ಮರೆಯಲ್ಲಿರುವವನಿಗೆ ಸುಮಾರು ಮೂರನೆಯ ಒಂದು ಭಾಗ ಶ್ರಮ ಉಳಿಯುತ್ತದೆ. ವೇಗವನ್ನು ಶೇ 10ರಷ್ಟು ಹೆಚ್ಚಿಸಬೇಕೆಂದರೆ ಗಾಳಿಯನ್ನು ಸೀಳಲು ಶೇ 33ರಷ್ಟು ಹೆಚ್ಚು ಶಕ್ತಿ ಬೇಕು. ಅಂದರೆ ಮುಂದಿರುವವನು ದುಡಿಯುತ್ತಾನೆ, ಹಿಂದಿರುವವನು ಉಳಿಸುತ್ತಾನೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಈ ಲೆಕ್ಕ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ ವೇಗ ಇಳಿದು ಕಾಲುಗಳೇ ತೀರ್ಮಾನ ಮಾಡುತ್ತವೆ. ಬೆಲ್ಜಿಯಂನ ಗುಡ್ಡಗಳು ಕಡಿದಾಗಿದ್ದರೂ ಗಿಡ್ಡ. ಅವು ಮುಗಿದ ಮೇಲೆ ಗುರಿಯವರೆಗೆ ಬಯಲು ರಸ್ತೆ ಇರುತ್ತದೆ. ತಂಡದ ಬುದ್ಧಿ ಪರೀಕ್ಷೆಗೆ ಬೀಳುವುದು ಅಲ್ಲಿ.

ಈಗ 2015ರ ಫೆಬ್ರುವರಿ 28ಕ್ಕೆ ಬರೋಣ. ಓಟ ಓಮ್ಲೂಪ್ ಹೆಟ್ ನಿಯೂಸ್‌ಬ್ಲಾಡ್, ಬೆಲ್ಜಿಯಂನವರು ತಮ್ಮ ಹಂಗಾಮಿನ ಬಾಗಿಲು ತೆರೆಯುವ ರೇಸು. ಮುಂದೆ ಉಳಿದವರು ನಾಲ್ವರು: ಕ್ವಿಕ್‌ಸ್ಟೆಪ್ ತಂಡದ ಟಾಮ್ ಬೂನೆನ್, ನಿಕಿ ಟೆರ್ಪ್‌ಸ್ಟ್ರಾ, ಸ್ಟೈನ್ ವಾಂಡೆನ್‌ಬರ್ಗ್, ಮತ್ತು ಸ್ಕೈ ತಂಡದ ಇಯಾನ್ ಸ್ಟ್ಯಾನರ್ಡ್. ಹಿಂದೆ ಬೇರೆ ತಂಡಗಳ ವಾನ್ ಅವರ್ಮಾಟ್, ವಾನ್‌ಮಾರ್ಕೆ ಅಟ್ಟಿಸಿಕೊಂಡು ಬರುತ್ತಿದ್ದರು. ಹಿಂದಿನವರು ಬಂದು ಸೇರದಂತೆ ನೋಡಿಕೊಳ್ಳುವ ಗರಜು ಯಾರಿಗೆ? ಮೂವರಿದ್ದ ತಂಡಕ್ಕೆ. ಹಾಗಾಗಿ ಮುಂದೆ ನಿಂತು ಗಾಳಿ ತಿಂದವರು ಅವರೇ. ಸ್ಟ್ಯಾನರ್ಡ್ ಹಿಂದೆ ಕುಳಿತ. ಇದು ಸೋಮಾರಿತನ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಒಬ್ಬಂಟಿಯ ಕೈಯಲ್ಲಿರುವ ಒಂದೇ ಆಯುಧ ಅದು.

ಗುರಿಗೆ ನಾಲ್ಕೈದು ಕಿ.ಮೀ. ಇರುವಾಗ ಬೂನೆನ್ ಮುನ್ನುಗ್ಗಿದ. ನನ್ನ ಮಟ್ಟಿಗೆ ಓಟ ಕೈತಪ್ಪಿದ್ದು ಆ ಕ್ಷಣದಲ್ಲಿ. ನಾಲ್ವರಲ್ಲಿ ಸ್ಪ್ರಿಂಟ್‌ಗೆ, ಅಂದರೆ ಗುರಿಯ ಮುಂದಿನ ಕೊನೆಯ ಮಿಂಚಿನ ಓಟಕ್ಕೆ, ಹೆಸರಾದವನು ಬೂನೆನ್. ಅವನು ಸ್ಟ್ಯಾನರ್ಡ್‌ನ ಬೆನ್ನಿಗೆ ಅಂಟಿಕೊಂಡು ಸುಮ್ಮನೆ ಕುಳಿತಿರಬೇಕಿತ್ತು. ಮೊದಲು ವಾಂಡೆನ್‌ಬರ್ಗ್ ಹೋಗಬೇಕಿತ್ತು. ಸ್ಟ್ಯಾನರ್ಡ್ ಬೆನ್ನಟ್ಟದಿದ್ದರೆ ವಾಂಡೆನ್‌ಬರ್ಗ್ ಗೆಲ್ಲುತ್ತಾನೆ. ಬೆನ್ನಟ್ಟಿ ಹಿಡಿದ ಕೂಡಲೇ, ಅವನು ಏದುಸಿರು ಬಿಡುವಷ್ಟರಲ್ಲಿ, ಟೆರ್ಪ್‌ಸ್ಟ್ರಾ ಹೋಗಬೇಕು. ಹೀಗೆ ಎರಡು ಮೂರು ಬಾರಿ ಆದರೆ ಎಂಥ ಗಟ್ಟಿಗನೂ ಕುಸಿಯುತ್ತಾನೆ. ಅಷ್ಟೂ ಹೊತ್ತು ಮರೆಯಲ್ಲಿದ್ದ ಬೂನೆನ್ ಕೊನೆಗೆ ಹೊಸ ಕಾಲುಗಳಿಂದ ಸ್ಪ್ರಿಂಟ್ ಮಾಡುತ್ತಾನೆ. ಆಗಿದ್ದೇ ಬೇರೆ. ಬೂನೆನ್‌ನನ್ನು ಸ್ಟ್ಯಾನರ್ಡ್ ಹಿಡಿದ. ಟೆರ್ಪ್‌ಸ್ಟ್ರಾ ಹೋದ, ಅವನನ್ನೂ ಹಿಡಿದ. ಆಮೇಲೆ ತಾನೇ ಎದ್ದು ಹೊರಟ! ಅವನ ಜೊತೆ ಹೋಗಲು ಸಾಧ್ಯವಾದದ್ದು ಟೆರ್ಪ್‌ಸ್ಟ್ರಾಗೆ ಮಾತ್ರ. ಇಬ್ಬರ ಸ್ಪ್ರಿಂಟ್‌ನಲ್ಲಿ ಸ್ಟ್ಯಾನರ್ಡ್ ಗೆದ್ದ, ಟೆರ್ಪ್‌ಸ್ಟ್ರಾ ಎರಡನೆಯವನಾದ, ಬೂನೆನ್ ಮೂರನೆಯವನಾದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬೂನೆನ್‌ನಂಥ ಅನುಭವಿ ಹೀಗೇಕೆ ಮಾಡಿದ? ದೊಡ್ಡ ಏಕದಿನ ರೇಸುಗಳಾದ ಪ್ಯಾರಿಸ್–ರೂಬೆ ನಾಲ್ಕು ಬಾರಿ, ಟೂರ್ ಆಫ್ ಫ್ಲ್ಯಾಂಡರ್ಸ್ ಮೂರು ಬಾರಿ ಗೆದ್ದವನಿಗೆ ಓಮ್ಲೂಪ್ ಮಾತ್ರ ಒಲಿದಿರಲಿಲ್ಲ, ಕೊನೆಗೂ ಒಲಿಯಲಿಲ್ಲ. ಟೆರ್ಪ್‌ಸ್ಟ್ರಾ ಹಿಂದಿನ ವರ್ಷವಷ್ಟೇ ರೂಬೆ ಗೆದ್ದು ಬಂದವನು. ಹಲವು ದಿನಗಳ ಓಟದಲ್ಲಾದರೆ ಇಂದು ನಿನಗೆ, ನಾಳೆ ನನಗೆ ಎಂದು ಹಂಚಿಕೊಳ್ಳಬಹುದು. ಏಕದಿನ ರೇಸಿಗೆ ನಾಳೆ ಎಂಬುದಿಲ್ಲ. ಇಬ್ಬರೂ ನಾಯಕರಾದಾಗ ಖರ್ಚಾಗುವವರು ಯಾರು ಎಂಬುದು ಮುಂಚೆಯೇ ತೀರ್ಮಾನವಾಗಿರಬೇಕು. ಕಿವಿಯ ರೇಡಿಯೋದಲ್ಲಿ ಕೊನೆಯ ಐದು ನಿಮಿಷದಲ್ಲಿ ತೀರ್ಮಾನಿಸುವ ಮಾತಲ್ಲ ಅದು.

ಇದಕ್ಕೆ ವಿರುದ್ಧವಾದ ತಪ್ಪು ನಡೆದದ್ದು 2025ರ ಏಪ್ರಿಲ್ 2ರಂದು, ಬೆಲ್ಜಿಯಂನ ಇನ್ನೊಂದು ಏಕದಿನ ರೇಸಾದ ಡ್ವಾರ್ಸ್ ಡೋರ್ ವ್ಲಾಂಡರೆನ್‌ನಲ್ಲಿ. ವಿಸ್ಮಾ ತಂಡದ ವೌಟ್ ವಾನ್ ಆರ್ಟ್, ಟೀಸ್ ಬೆನೂಟ್, ಮ್ಯಾಟಿಯೊ ಜೋರ್ಗೆನ್‌ಸನ್ ಮೂವರು. ಎದುರಿಗೆ ಅಮೆರಿಕದ ನೀಲ್ಸನ್ ಪೌಲೆಸ್ ಒಬ್ಬನೇ. ಇಲ್ಲಿ ಯಾರೂ ಮುನ್ನುಗ್ಗಲೇ ಇಲ್ಲ. ವಾನ್ ಆರ್ಟ್ ಸ್ಪ್ರಿಂಟ್‌ನಲ್ಲಿ ಗೆಲ್ಲುತ್ತಾನೆ ಎಂದು ನಂಬಿ ಉಳಿದಿಬ್ಬರು ಅವನಿಗಾಗಿ ದುಡಿದರು. ನಾಲ್ವರೂ ಒಟ್ಟಿಗೆ ಗುರಿಯ ಹತ್ತಿರ ಬಂದರು ಎಂದರೆ ಮೂರು ಮತ್ತು ಒಂದರ ಅಂತರ ಅಳಿಸಿಹೋಯಿತು, ಒಬ್ಬನ ಎದುರು ಒಬ್ಬ ಉಳಿದ. ಆ ದಿನ ಪೌಲೆಸ್‌ನ ಕಾಲು ವಾನ್ ಆರ್ಟ್‌ನ ಕಾಲಿಗಿಂತ ಚುರುಕಾಗಿತ್ತು, ಅಷ್ಟೇ.

ಆದರೆ ಆ ತೀರ್ಮಾನದ ಹಿಂದಿನ ಮನಸ್ಸನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಅದಕ್ಕೂ ಹಿಂದಿನ ವರ್ಷ ಇದೇ ಓಟದಲ್ಲಿ ಬಿದ್ದು ವಾನ್ ಆರ್ಟ್ ಕೊರಳೆಲುಬು, ಪಕ್ಕೆಲುಬು ಮುರಿದುಕೊಂಡಿದ್ದ. ಅಂದು ಗೆದ್ದವನು ಜೋರ್ಗೆನ್‌ಸನ್. ಬಿದ್ದ ಜಾಗದಲ್ಲೇ ಗೆಳೆಯನನ್ನು ಗೆಲ್ಲಿಸಬೇಕೆಂಬ ಆಸೆ ತಂಡಕ್ಕೆ, ಗೆಲ್ಲಬೇಕೆಂಬ ಹಸಿವು ಅವನಿಗೆ. ಸ್ಪ್ರಿಂಟ್‌ಗೆ ಕಾಯುವ ತೀರ್ಮಾನ ತನ್ನದೇ, ತಪ್ಪೂ ತನ್ನದೇ ಎಂದು ವಾನ್ ಆರ್ಟ್ ಓಟದ ನಂತರ ಹೇಳಿದ. ಅಷ್ಟು ದೊಡ್ಡ ಸವಾರ ಹಾಗೆ ನೇರವಾಗಿ ಒಪ್ಪಿಕೊಂಡದ್ದು ನನಗೆ ಇಷ್ಟವಾಯಿತು.

ಸರಿಯಾಗಿ ಖರ್ಚಾದ ಉದಾಹರಣೆ ಬೇಕೆಂದರೆ ಇಟಲಿಯ ಏಕದಿನ ರೇಸು, 2024ರ ಮಿಲಾನ್–ಸಾನ್ ರೆಮೊ ನೋಡಿ. ವಿಶ್ವ ಚಾಂಪಿಯನ್ನನ ಜೆರ್ಸಿ ತೊಟ್ಟಿದ್ದ, ಹಿಂದಿನ ವರ್ಷ ಇದೇ ಓಟ ಗೆದ್ದಿದ್ದ ಮಥ್ಯೂ ವಾನ್ ಡರ್ ಪೂಲ್ ಅಂದು ದುಡಿದದ್ದು ತನ್ನ ತಂಡದ ಯಾಸ್ಪರ್ ಫಿಲಿಪ್ಸನ್‌ಗಾಗಿ. ಗುರಿಗೆ ಮುನ್ನ ಬರುವ ಕೊನೆಯ ಗುಡ್ಡವಾದ ಪೊಜ್ಜಿಯೊ ಏರಿನಲ್ಲಿ ಎದುರಾಳಿ ತಂಡದ ಪೊಗಾಚರ್ ದಾಳಿ ಮಾಡಿದಾಗ ಅವನ ಹಿಂದೆ ಹೋದ. ಇಳಿದ ಮೇಲೆ ಮುನ್ನುಗ್ಗಿದವರನ್ನು ಹಿಡಿಯಲು ಗಾಳಿಗೆ ಎದೆಯೊಡ್ಡಿದ. ಫಿಲಿಪ್ಸನ್ ಮರೆಯಲ್ಲೇ ಉಳಿದು ಸ್ಪ್ರಿಂಟ್‌ನಲ್ಲಿ ಮೈಕಲ್ ಮ್ಯಾಥ್ಯೂಸ್‌ನನ್ನು ಕೂದಲೆಳೆಯ ಅಂತರದಲ್ಲಿ ಸೋಲಿಸಿದ. ಪೊಗಾಚರ್ ಮೂರನೆಯವನಾದ.

ಮುಂದಿನ ಓಮ್ಲೂಪ್ ನೋಡುವಾಗ ಮೊದಲ ಸಾಲಿನಲ್ಲಿ ಯಾರಿದ್ದಾರೆ ಎಂಬುದನ್ನು ಬಿಟ್ಟು, ಸಾಲಿನ ಕೊನೆಯಲ್ಲಿ ಯಾರು ಸುಮ್ಮನೆ ಕುಳಿತಿದ್ದಾರೆ ಎಂದು ಗಮನಿಸಿ. ನಿಮ್ಮ ಗೆಳೆಯರ ಗುಂಪಿನಲ್ಲೂ ಇದನ್ನು ಆಡಿ ನೋಡಬಹುದು, ಹೆದ್ದಾರಿಯಲ್ಲಿ ಬೇಡ, ವಾಹನ ವಿರಳವಾದ ಒಳರಸ್ತೆಯಲ್ಲಿ. ಮೂವರು ಒಂದು ಕಡೆ, ಗಟ್ಟಿಗ ಒಬ್ಬ ಇನ್ನೊಂದು ಕಡೆ. ಸ್ಪ್ರಿಂಟ್‌ನಲ್ಲಿ ನಿಧಾನವಿರುವವನು ಮೊದಲು ಹೊರಡಲಿ, ಉಳಿದಿಬ್ಬರು ಒಬ್ಬಂಟಿಯ ಹಿಂದೆಯೇ ಇರಲಿ. ಯಾವ ಕಾರಣಕ್ಕೂ ಅವನ ಮುಂದೆ ಹೋಗಿ ಅವನಿಗೆ ಗಾಳಿ ಮರೆ ಮಾಡಿಕೊಡಬಾರದು.